ಇಂಗ್ಲಿಷಿನ ಸಂಬಂಧಸೂಚಕ ನಾಮಪದ

ಸಂಬಂಧಸೂಚಕ ನಾಮಪದವೆಂದರೆ, ಒಡೆತನ, ಬಂಧುತ್ವ, ಅಂಗ, ಕರ್ತೃತ್ವ, ಅಳತೆ ಮುಂತಾದ ಸಂಬಂಧಗಳಲ್ಲಿ ಒಂದನ್ನು ಮತ್ತೊಂದು ನಾಮಪದದೊಡನೆ ಹೇಳುವುದಕ್ಕೆ ಇಂಗ್ಲಿಷಿನಲ್ಲಿ ನಾಮಪದ ಅಥವಾ ನಾಮಪದಗುಚ್ಛ ತಾಳುವ ರೂಪ. ಬರವಣಿಗೆಯಲ್ಲಿ ಏಕವಚನಕ್ಕೆ ಅಪಾಸ್ಟ್ರಫಿಯೂ ಎಸ್ ಅಕ್ಷರವೂ, ಎಸ್‌ನಿಂದ ಮುಗಿಯುವ ಬಹುವಚನಕ್ಕೆ ಅಪಾಸ್ಟ್ರಫಿ ಮಾತ್ರವೂ ಸೇರುತ್ತವೆ. ಹಳೆಯ ಇಂಗ್ಲಿಷಿನ ನಾಮಪದಗಳಿಗಿದ್ದ ವಿಭಕ್ತಿಗಳಲ್ಲಿ ಇಂದಿಗೂ ಗುರುತು ಉಳಿಸಿಕೊಂಡಿರುವುದು ಇದೊಂದೇ. ಆದರೆ ಉಳಿಯುವ ದಾರಿಯಲ್ಲಿ ಇದರ ಸ್ವಭಾವವೇ ಬದಲಾಗಿದೆ. ಒಂದು ಪದಕ್ಕೆ ಹತ್ತುತ್ತಿದ್ದ ಪ್ರತ್ಯಯ ಈಗ ಇಡೀ ಪದಗುಚ್ಛದ ತುದಿಗೆ ಹತ್ತುತ್ತದೆ.

ಪರಿಭಾಷೆ

ಇಂಗ್ಲಿಷ್ ವ್ಯಾಕರಣಗಳಲ್ಲಿ ಈ ರೂಪಕ್ಕೆ ಪೊಸೆಸಿವ್, ಜೆನಿಟಿವ್ ಎಂಬ ಎರಡು ಹೆಸರುಗಳಿವೆ. ಶಾಲಾ ವ್ಯಾಕರಣಗಳು ಮೊದಲನೆಯದನ್ನೂ ಭಾಷಾಶಾಸ್ತ್ರದ ಗ್ರಂಥಗಳು ಹೆಚ್ಚಾಗಿ ಎರಡನೆಯದನ್ನೂ ಬಳಸುತ್ತವೆ. ಪೊಸೆಸಿವ್ ಎಂದರೆ ಒಡೆತನದ್ದು ಎಂದಷ್ಟೇ ಆಗುವುದರಿಂದ ಆ ಹೆಸರು ಇದರ ಕೆಲಸವನ್ನು ಪೂರ್ತಿ ಹೇಳುವುದಿಲ್ಲ: “ಎ ಡೇ’ಸ್ ಜರ್ನಿ” ಎಂಬಲ್ಲಿ ದಿನವು ಪ್ರಯಾಣದ ಒಡೆಯನಲ್ಲ. ಕನ್ನಡ ವ್ಯಾಕರಣ ಷಷ್ಠಿಗೆ ಸಂಬಂಧಾರ್ಥ ಎಂದು ಕೊಡುವ ವಿವರಣೆ ಇದಕ್ಕಿಂತ ವಿಶಾಲವಾದುದು. ಈ ಲೇಖನದಲ್ಲಿ ಸಂಬಂಧಸೂಚಕ ಎಂಬ ಮಾತನ್ನು ಆ ಅರ್ಥದಲ್ಲೇ ಬಳಸಿದೆ. ಸಂಬಂಧಸೂಚಕ ರೂಪದಲ್ಲಿರುವುದನ್ನು ವಿಶೇಷಕ ಎಂದೂ ಅದು ಯಾವುದನ್ನು ವಿಶೇಷಿಸುತ್ತದೆಯೋ ಅದನ್ನು ಮುಖ್ಯಪದ ಎಂದೂ ಕರೆದಿದೆ. ಇಂಗ್ಲಿಷ್ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲಿ ಬರೆದು, ಅಪಾಸ್ಟ್ರಫಿಯನ್ನು ಇಂಗ್ಲಿಷ್ ಬರವಣಿಗೆಯಲ್ಲಿ ಅದು ಬರುವ ಕಡೆಯಲ್ಲೇ ಇಡಲಾಗಿದೆ.

ಹುಟ್ಟು

ಸುಮಾರು 5ನೆಯ ಶತಮಾನದಿಂದ 1100ರವರೆಗಿನ ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೆ ಲಿಂಗಕ್ಕೂ ವರ್ಗಕ್ಕೂ ತಕ್ಕಂತೆ ಬೇರೆ ಬೇರೆ ಷಷ್ಠೀ ಪ್ರತ್ಯಯಗಳಿದ್ದವು. ಪುಲ್ಲಿಂಗ ಮತ್ತು ನಪುಂಸಕದ ಒಂದು ದೊಡ್ಡ ವರ್ಗ “ಎಸ್” ಎಂಬ, ಸ್ವರವೂ ಸಕಾರವೂ ಕೂಡಿದ ಪ್ರತ್ಯಯವನ್ನು ಪಡೆಯುತ್ತಿತ್ತು: ಕಲ್ಲು ಎಂಬರ್ಥದ “ಸ್ಟಾನ್” ಎಂಬುದು ಕಲ್ಲಿನ ಎಂಬಲ್ಲಿ “ಸ್ಟಾನೆಸ್” ಆಗುತ್ತಿತ್ತು. ಸ್ತ್ರೀಲಿಂಗದ ಹಲವು ಪದಗಳಿಗೆ “ಎ” ಎಂಬ ಸ್ವರವೂ ಮತ್ತೊಂದು ವರ್ಗಕ್ಕೆ “ಅನ್” ಎಂಬುದೂ ಬರುತ್ತಿದ್ದವು. ಬಹುವಚನಕ್ಕೆ “ಅ”, “ಎನ” ಎಂಬ ಪ್ರತ್ಯಯಗಳಿದ್ದವು. ಆಗಿನ ಷಷ್ಠಿ ನಾಮಪದಗಳ ನಡುವಣ ಸಂಬಂಧಕ್ಕೆ ಸೀಮಿತವಾಗಿರಲಿಲ್ಲ. ಕೆಲವು ಕ್ರಿಯಾಪದಗಳು ತಮ್ಮ ಕರ್ಮವನ್ನು ಷಷ್ಠಿಯಲ್ಲೇ ಬಯಸುತ್ತಿದ್ದವು, ನಾಮಪದಗಳು ಷಷ್ಠಿಯಲ್ಲಿ ನಿಂತು ಕ್ರಿಯಾವಿಶೇಷಣಗಳೂ ಆಗುತ್ತಿದ್ದವು. “ಒನ್ಸ್”, “ಟ್ವೈಸ್”, “ಆಲ್ವೇಸ್” ಎಂಬ ಇಂದಿನ ಪದಗಳ ಕೊನೆಯಲ್ಲಿ ಕೇಳಿಸುವ ಸಕಾರ ಆ ಬಳಕೆಯ ಶೇಷ. ಮಂಗಳವಾರ, ಬುಧವಾರ, ಗುರುವಾರಗಳ ಇಂಗ್ಲಿಷ್ ಹೆಸರುಗಳ ನಡುವೆ ಬರುವ ಎಸ್ ಅಕ್ಷರವೂ ಷಷ್ಠಿಯದೇ: ಅವು ಕ್ರಮವಾಗಿ ಟೀವ್, ವೋಡನ್, ಥೋರ್ ಎಂಬ ಜರ್ಮ್ಯಾನಿಕ್ ದೇವತೆಗಳ ದಿನಗಳು.

1066ರ ನಾರ್ಮನ್ ವಿಜಯದ ಮುಂದಿನ ಶತಮಾನಗಳಲ್ಲಿ ಪದಾಂತ್ಯದ ಸ್ವರಗಳು ಸವೆದು ವಿಭಕ್ತಿಗಳು ಒಂದರೊಳಗೊಂದು ಬೆರೆತವು. ಸ್ಪಷ್ಟವಾಗಿ ಕೇಳುತ್ತಿದ್ದ “ಎಸ್” ಪ್ರತ್ಯಯ ಮಾತ್ರ ಬಾಳಿ, ಲಿಂಗಭೇದವಿಲ್ಲದೆ ಎಲ್ಲ ನಾಮಪದಗಳಿಗೂ ಹಬ್ಬಿತು. ಸ್ತ್ರೀಲಿಂಗದ ಹಳೆಯ ರೂಪ ಕೆಲವು ಸಮಾಸಗಳಲ್ಲಿ ಉಳಿದಿದೆ. ಕನ್ಯೆ ಮೇರಿಯ ಹಬ್ಬವಾದ “ಲೇಡಿ ಡೇ”, ಆಕೆಯ ಹೆಸರಿನ ಹುಳುವಾದ “ಲೇಡಿಬರ್ಡ್” ಇವುಗಳಲ್ಲಿ ಸಕಾರವಿಲ್ಲದಿರುವುದು ಈ ಕಾರಣದಿಂದ. ಇದೇ ಅವಧಿಯಲ್ಲಿ “ಆಫ್” ಎಂಬ ಉಪಸರ್ಗದ ಮೂಲಕ ಸಂಬಂಧ ಹೇಳುವ ರಚನೆ ಬಲಗೊಂಡಿತು. ಫ್ರೆಂಚಿನ “ದ” ಎಂಬ ಉಪಸರ್ಗದ ಪ್ರಭಾವ ಅದಕ್ಕೆ ಒತ್ತಾಸೆಯಾಯಿತು. 14ನೆಯ ಶತಮಾನದ ಹೊತ್ತಿಗೆ ಷಷ್ಠಿ ಮಾಡುತ್ತಿದ್ದ ಕೆಲಸದ ದೊಡ್ಡ ಪಾಲು ಈ ರಚನೆಗೆ ಹೋಗಿತ್ತು.

16 ಮತ್ತು 17ನೆಯ ಶತಮಾನಗಳಲ್ಲಿ ಸಕಾರದ ಬದಲು ಅವನ ಎಂಬರ್ಥದ “ಹಿಸ್” ಸರ್ವನಾಮವನ್ನು ಬಿಡಿಯಾಗಿ ಬರೆಯುವ ವಾಡಿಕೆ ವಿಶೇಷವಾಗಿ ಕಾಣುತ್ತದೆ. ಬೆನ್ ಜಾನ್ಸನ್ ಬರೆದ ನಾಟಕದ ಹೆಸರು “ಸೆಜೇನಸ್ ಹಿಸ್ ಫಾಲ್”. 1662ರ ಆಂಗ್ಲಿಕನ್ ಪ್ರಾರ್ಥನಾ ಗ್ರಂಥದಲ್ಲೂ ಇಂಥ ಪ್ರಯೋಗವಿದೆ. ಮಾತಿನಲ್ಲಿ “ಹಿಸ್” ಎಂಬುದರ ಹಕಾರ ಬಿದ್ದುಹೋಗುತ್ತಿದ್ದುದರಿಂದ ಎರಡೂ ಒಂದೇ ಬಗೆಯಾಗಿ ಕೇಳುತ್ತಿದ್ದವು. ಇದರಿಂದ, ಸಕಾರವೇ “ಹಿಸ್” ಪದದ ಮೊಟಕು ರೂಪ ಎಂಬ ತಪ್ಪು ವ್ಯುತ್ಪತ್ತಿ ಹುಟ್ಟಿ ಬಹಳ ಕಾಲ ಬಾಳಿತು. 18ನೆಯ ಶತಮಾನದ ಆರಂಭದಲ್ಲಿ ಜೋಸೆಫ್ ಆಡಿಸನ್‌ನಂಥ ಲೇಖಕ ಅದನ್ನು ನಂಬಿದ್ದ. 1755ರಲ್ಲಿ ಸ್ಯಾಮ್ಯುಯಲ್ ಜಾನ್ಸನ್ ತನ್ನ ನಿಘಂಟಿಗೆ ಸೇರಿಸಿದ ವ್ಯಾಕರಣ ಭಾಗದಲ್ಲಿ ಅದನ್ನು ತಳ್ಳಿಹಾಕಿದ: ಹೆಣ್ಣಿನ ಹೆಸರಿಗೂ ಇದೇ ಸಕಾರ ಹತ್ತುವಾಗ ಅದರ ಮೂಲ ಅವನ ಎಂಬುದಾಗಲು ಸಾಧ್ಯವಿಲ್ಲ ಎಂಬುದು ಅವನ ವಾದ.

ಅಪಾಸ್ಟ್ರಫಿಯ ಪ್ರವೇಶ

ಈ ಚಿಹ್ನೆ ವ್ಯಾಕರಣ ರೂಪಕ್ಕಿಂತ ಬಹಳ ಕಿರಿಯದು. ಫ್ರೆಂಚ್ ಮುದ್ರಣದ ಮಾದರಿಯಲ್ಲಿ 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದು ಬಿಟ್ಟುಹೋದ ಅಕ್ಷರದ ಗುರುತಾಗಿತ್ತು, ಅಷ್ಟೆ. ಷಷ್ಠಿಯ “ಎಸ್” ಪ್ರತ್ಯಯದ ಸ್ವರ ಉಚ್ಚಾರಣೆಯಿಂದ ಮರೆಯಾಗಿದ್ದುದರಿಂದ ಆ ಸ್ಥಾನದಲ್ಲಿ ಅದನ್ನು ಇಡಬಹುದಿತ್ತು. ಆದರೆ ಹಾಗೆ ಇಡುವುದು ಕಡ್ಡಾಯವಾಗಿರಲಿಲ್ಲ. 1623ರಲ್ಲಿ ಅಚ್ಚಾದ ಶೇಕ್ಸ್‌ಪಿಯರ್ ನಾಟಕಗಳ ಮೊದಲ ಫೋಲಿಯೋದಲ್ಲಿ ಸಂಬಂಧಸೂಚಕ ಪದಗಳು ಹೆಚ್ಚಿನ ಕಡೆ ಚಿಹ್ನೆಯಿಲ್ಲದೆಯೇ ಇವೆ. ಏಕವಚನದಲ್ಲಿ ಅಪಾಸ್ಟ್ರಫಿ ನೆಲೆಗೊಂಡದ್ದು 17ನೆಯ ಶತಮಾನದ ಕೊನೆಯ ಭಾಗದಿಂದೀಚೆಗೆ. ಬಹುವಚನದಲ್ಲಿ ಬಿಟ್ಟುಹೋದ ಅಕ್ಷರವೇ ಇಲ್ಲವಾದ್ದರಿಂದ ಚಿಹ್ನೆ ಬೇಕೇ ಬೇಡವೇ ಎಂಬ ಜಿಜ್ಞಾಸೆ ಮುಂದೆಯೂ ನಡೆಯಿತು. ಎಸ್ ನಂತರದ ಅಪಾಸ್ಟ್ರಫಿ ಸಾರ್ವತ್ರಿಕವಾದದ್ದು 19ನೆಯ ಶತಮಾನದಲ್ಲಿ. ಇಂದು ಅಚಲವೆಂಬಂತೆ ಕಲಿಸುವ ನಿಯಮಕ್ಕೆ, ಹೀಗೆ, ಎರಡು ಶತಮಾನಗಳಷ್ಟು ವಯಸ್ಸು.

ರಚನೆ

ಏಕವಚನ ನಾಮಪದ ಯಾವ ಅಕ್ಷರದಿಂದ ಮುಗಿದರೂ ಸಾಮಾನ್ಯವಾಗಿ ಅಪಾಸ್ಟ್ರಫಿ ಮತ್ತು ಎಸ್ ಎರಡನ್ನೂ ಪಡೆಯುತ್ತದೆ: “ದ ಬಾಯ್’ಸ್ ಬುಕ್”, “ದ ಡಾಗ್’ಸ್ ಟೇಲ್”. ಎಸ್ ಸೇರಿಸಿ ಮಾಡಿದ ಬಹುವಚನಕ್ಕೆ ಕೊನೆಯಲ್ಲಿ ಅಪಾಸ್ಟ್ರಫಿ ಮಾತ್ರ: “ದ ಬಾಯ್ಸ್’ ಬುಕ್ಸ್”. ಎಸ್ ಇಲ್ಲದೆ ಆಗುವ ಬಹುವಚನಗಳು ಏಕವಚನದಂತೆಯೇ ನಡೆಯುತ್ತವೆ: “ಚಿಲ್ಡ್ರನ್’ಸ್”, “ಮೆನ್’ಸ್”, “ವಿಮೆನ್’ಸ್”. “ಶೀಪ್” ಎಂಬಂಥ ಪದಕ್ಕೆ ಎರಡು ವಚನಗಳಲ್ಲೂ ಒಂದೇ ರೂಪ. ಚಿಹ್ನೆಯ ಸ್ಥಾನ ಗೊತ್ತಾಗದಿದ್ದಾಗ ಮೊದಲು ಬಹುವಚನವನ್ನು ಪೂರ್ತಿ ಬರೆದುಕೊಂಡು ಆಮೇಲೆ ಅಪಾಸ್ಟ್ರಫಿ ಇಟ್ಟರೆ ತಪ್ಪಾಗುವುದಿಲ್ಲ. “ಚಿಲ್ಡ್ರನ್ಸ್’” ಎಂಬ ಹೆಚ್ಚಾಗಿ ಕಾಣುವ ದೋಷ ಈ ಹೆಜ್ಜೆಯನ್ನು ಹಾರಿದ್ದರಿಂದ ಆಗುವುದು.

ಉಚ್ಚಾರಣೆ ಬಹುವಚನದ್ದೇ. ಅಘೋಷ ಧ್ವನಿಯ ನಂತರ “ಸ್” (“ಕ್ಯಾಟ್’ಸ್”), ಸ್ವರ ಮತ್ತು ಘೋಷ ಧ್ವನಿಗಳ ನಂತರ “ಝ್” (“ಡಾಗ್’ಸ್”), ಊಷ್ಮ ಧ್ವನಿಗಳ ನಂತರ “ಇಝ್” (“ಜಡ್ಜ್’ಸ್”) ಎಂದು ಕೇಳುತ್ತದೆ. ಬಹುವಚನದ ಸಕಾರ ಆಗಲೇ ಇದ್ದರೆ ಎರಡನೆಯದು ಉಚ್ಚಾರಣೆಯಲ್ಲಿ ಬರುವುದಿಲ್ಲ. ಆದ್ದರಿಂದ ಹುಡುಗರು, ಹುಡುಗನ, ಹುಡುಗರ ಎಂಬ ಮೂರು ಅರ್ಥಗಳ ಇಂಗ್ಲಿಷ್ ರೂಪಗಳು ಕಿವಿಗೆ ಒಂದೇ. ಅವನ್ನು ಬೇರ್ಪಡಿಸುವುದು ಕಾಗದದ ಮೇಲಿನ ಗುರುತು ಮಾತ್ರ.

ಬಹುವಚನಕ್ಕೂ ಸಂಬಂಧಸೂಚಕಕ್ಕೂ ಉಚ್ಚಾರಣೆಯಲ್ಲಿ ವ್ಯತ್ಯಾಸ ತೋರುವ ಕೆಲವು ಪದಗಳಿವೆ, ಮತ್ತು ಅವು ಗಮನಾರ್ಹ. “ವೈಫ್” ಪದದ ಬಹುವಚನದಲ್ಲಿ ಫಕಾರ ವಕಾರವಾಗಿ “ವೈವ್ಸ್” ಆಗುತ್ತದೆ. ಸಂಬಂಧಸೂಚಕದಲ್ಲಿ “ವೈಫ್’ಸ್” ಎಂದೇ ಉಳಿಯುತ್ತದೆ. “ಹೌಸ್” ಪದದ್ದೂ ಇದೇ ಕಥೆ: ಬಹುವಚನದಲ್ಲಿ ಒಳಗಿನ ಸಕಾರ ಘೋಷವಾಗುತ್ತದೆ, ಸಂಬಂಧಸೂಚಕದಲ್ಲಿ ಆಗುವುದಿಲ್ಲ. ಬಹುವಚನ ಪ್ರತ್ಯಯ ಪದದ ಒಳಕ್ಕೆ ಇಳಿದು ಅದನ್ನು ಬದಲಿಸಬಲ್ಲದು. ಸಂಬಂಧಸೂಚಕ ಸಕಾರ ಹೊರಗಿನಿಂದ ತಗಲಿಕೊಳ್ಳುತ್ತದೆ. ಮಧ್ಯಕಾಲದ ಇಂಗ್ಲಿಷಿನಲ್ಲಿ ಷಷ್ಠಿಯೂ ವಕಾರದ ರೂಪವನ್ನೇ ಪಡೆಯುತ್ತಿತ್ತು ಎಂಬುದನ್ನು ನೆನೆದರೆ ಬದಲಾವಣೆಯ ದಿಕ್ಕು ತಿಳಿಯುತ್ತದೆ.

ಎಸ್‌ನಿಂದ ಮುಗಿಯುವ ಹೆಸರುಗಳು

ಜೇಮ್ಸ್, ಚಾರ್ಲ್ಸ್, ಡಿಕನ್ಸ್ ಮುಂತಾದ ಅಂಕಿತನಾಮಗಳ ವಿಷಯದಲ್ಲಿ ಒಮ್ಮತವಿಲ್ಲ. 1918ರಲ್ಲಿ ಮೊದಲು ಅಚ್ಚಾದ ವಿಲಿಯಂ ಸ್ಟ್ರಂಕ್ ಅವರ “ದಿ ಎಲಿಮೆಂಟ್ಸ್ ಆಫ್ ಸ್ಟೈಲ್” ಎಂಬ ಶೈಲಿ ಕೈಪಿಡಿಯ ಮೊಟ್ಟಮೊದಲ ನಿಯಮವೇ ಇದರದು: ಕೊನೆಯ ವ್ಯಂಜನ ಯಾವುದಾದರೂ ಏಕವಚನಕ್ಕೆ ಚಿಹ್ನೆಯೊಡನೆ ಎಸ್ ಸೇರಿಸಬೇಕು. ಪುಸ್ತಕ ಪ್ರಕಾಶಕರು ಬಹುಮಟ್ಟಿಗೆ ಅನುಸರಿಸುವ ಶಿಕಾಗೋ ಕೈಪಿಡಿಯೂ ಹೀಗೆಯೇ ವಿಧಿಸುತ್ತದೆ. ಅಮೆರಿಕದ ಪತ್ರಿಕೆಗಳು ಬಳಸುವ ಅಸೋಸಿಯೇಟೆಡ್ ಪ್ರೆಸ್ ಕೈಪಿಡಿ ಅಂಕಿತನಾಮಕ್ಕೆ ಅಪಾಸ್ಟ್ರಫಿ ಸಾಕು ಎನ್ನುತ್ತದೆ. ಜೀಸಸ್, ಮೋಸೆಸ್ ಮುಂತಾದ ಪ್ರಾಚೀನ ಹೆಸರುಗಳಿಗೆ ಬರಿಯ ಚಿಹ್ನೆ ಇಡುವುದು ಹಳೆಯ ಸಂಪ್ರದಾಯ.

ಭಿನ್ನಮತ ನ್ಯಾಯಾಲಯದವರೆಗೂ ಹೋಗಿದೆ, ವ್ಯಾಜ್ಯವಾಗಿ ಅಲ್ಲದಿದ್ದರೂ. 2006ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಕ್ಯಾನ್ಸಸ್ ವಿರುದ್ಧ ಮಾರ್ಷ್ ಪ್ರಕರಣದಲ್ಲಿ ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಆ ರಾಜ್ಯದ ಹೆಸರಿಗೆ ಬರಿಯ ಅಪಾಸ್ಟ್ರಫಿ ಬಳಸಿದರೆ, ಭಿನ್ನ ತೀರ್ಪು ಬರೆದ ಡೇವಿಡ್ ಸೌಟರ್ ಎಸ್ ಕೂಡ ಸೇರಿಸಿದರು. ಮರುವರ್ಷ ಅರ್ಕನ್ಸಾ ರಾಜ್ಯದ ಶಾಸನಸಭೆ ತನ್ನ ಹೆಸರಿನ ಸಂಬಂಧಸೂಚಕ ರೂಪದಲ್ಲಿ ಎಸ್ ಇರಬೇಕೆಂದು ನಿರ್ಣಯ ಮಾಡಿತು. ಆ ಹೆಸರಿನ ಕೊನೆಯ ಎಸ್ ಉಚ್ಚಾರಣೆಯಲ್ಲಿಲ್ಲದ ಕಾರಣ ಅಲ್ಲಿ ಅದಕ್ಕೆ ಆಧಾರವೂ ಇತ್ತು. ಕಿವಿಗೆ ಇನ್ನೊಂದು “ಇಝ್” ಕೇಳಿದರೆ ಅದನ್ನು ಬರೆಯುವುದು, ಇಲ್ಲವಾದರೆ ಬಿಡುವುದು ಎಂಬುದು ಹಲವು ವ್ಯಾಕರಣಗಳು ಒಪ್ಪುವ ಮಧ್ಯಮ ಮಾರ್ಗ.

ಪದಗುಚ್ಛಕ್ಕೆ ಹತ್ತುವ ಸಕಾರ

ಮಧ್ಯಕಾಲದ ಇಂಗ್ಲಿಷಿನಲ್ಲಿ ಇಂಗ್ಲೆಂಡಿನ ರಾಜನ ಮಗಳು ಎನ್ನಲು, ರಾಜ ಎಂಬ ಪದಕ್ಕೇ ಪ್ರತ್ಯಯ ಹಚ್ಚಿ, ನಡುವೆ ಮಗಳನ್ನು ತಂದು, ಇಂಗ್ಲೆಂಡನ್ನು ಕೊನೆಗೆ ತಳ್ಳುತ್ತಿದ್ದರು. ಆಧುನಿಕ ಇಂಗ್ಲಿಷಿನಲ್ಲಿ ಅದು “ದ ಕಿಂಗ್ ಆಫ್ ಇಂಗ್ಲೆಂಡ್’ಸ್ ಡಾಟರ್”. ಸಕಾರ ಹತ್ತಿರುವುದು ಇಂಗ್ಲೆಂಡಿಗೆ. ಮಗಳು ಮಾತ್ರ ರಾಜನವಳು. ಇದನ್ನು ಗುಚ್ಛಷಷ್ಠಿ ಎನ್ನಬಹುದು. “ಸಮ್‌ಒನ್ ಎಲ್ಸ್’ಸ್ ಹೌಸ್” ಎಂಬಲ್ಲಿ ಸಕಾರ ಕೂತಿರುವ “ಎಲ್ಸ್” ನಾಮಪದವೇ ಅಲ್ಲ. ಆಡುಮಾತಿನಲ್ಲಿ “ದ ಮ್ಯಾನ್ ಐ ಮೆಟ್ ಯೆಸ್ಟರ್‌ಡೇ’ಸ್ ಕಾರ್” ಎಂಬಂತೆ ಒಂದು ಉಪವಾಕ್ಯದ ತುದಿಗೂ ಅದು ಹತ್ತುತ್ತದೆ, ಬರವಣಿಗೆ ಇಂಥದನ್ನು ಸಾಮಾನ್ಯವಾಗಿ ದೂರವಿಡುತ್ತದೆಯಾದರೂ.

ಈ ಕಾರಣಕ್ಕೆ ಅನೇಕ ಭಾಷಾಶಾಸ್ತ್ರಜ್ಞರು ಇದನ್ನು ವಿಭಕ್ತಿ ಪ್ರತ್ಯಯವೆಂದು ಎಣಿಸದೆ, ಸ್ವತಂತ್ರವಾಗಿ ನಿಲ್ಲಲಾರದೆ ಪಕ್ಕದ ಪದಕ್ಕೆ ಒರಗುವ ಆಶ್ರಿತಪದ ಎಂದು ಪರಿಗಣಿಸುತ್ತಾರೆ. ಬಹುವಚನದ ಸಕಾರದ ನಂತರ ಇದು ಮಾಯವಾಗುವುದು ಪ್ರತ್ಯಯದ ಲಕ್ಷಣವಾದ್ದರಿಂದ ವಾದ ಪೂರ್ಣವಾಗಿ ಮುಗಿದಿಲ್ಲ. ಎರಡರ ನಡುವಣ ಸ್ಥಿತಿ ಎಂಬ ವಿವರಣೆಯೂ ಇದೆ.

ಜೋಡಿ ನಾಮಪದಗಳ ನಿಯಮ ಈ ಸ್ವಭಾವದಿಂದಲೇ ಹೊರಡುತ್ತದೆ. ಇಬ್ಬರಿಗೂ ಸೇರಿದ್ದು ಒಂದೇ ಆದರೆ ಗುಚ್ಛದ ಕೊನೆಗೆ ಒಮ್ಮೆ ಮಾತ್ರ ಸಕಾರ: “ಜಾನ್ ಆಂಡ್ ಮೇರಿ’ಸ್ ಹೌಸ್”. ಇಬ್ಬರದೂ ಬೇರೆ ಬೇರೆಯಾದರೆ ಇಬ್ಬರಿಗೂ: “ಜಾನ್’ಸ್ ಆಂಡ್ ಮೇರಿ’ಸ್ ಹೌಸಸ್”. ಒಬ್ಬರ ಸ್ಥಾನದಲ್ಲಿ ಸರ್ವನಾಮ ಬಂದರೆ ಆ ಸರ್ವನಾಮ ತನ್ನ ಸಂಬಂಧಸೂಚಕ ರೂಪವನ್ನು ಬಿಟ್ಟುಕೊಡುವುದಿಲ್ಲ.

ಅರ್ಥಪ್ರಕಾರಗಳು

ಒಡೆತನ ಮತ್ತು ಬಂಧುತ್ವದ ಬಳಕೆಗಳಿಗೆ ವಿವರಣೆ ಬೇಡ. ಕ್ರಿಯೆಯಿಂದ ಬಂದ ನಾಮಪದ ಮುಖ್ಯಪದವಾದಾಗ ಮಾತ್ರ ಸಂದೇಹಕ್ಕೆ ಎಡೆಯಿದೆ: “ದಿ ಆರ್ಮಿ’ಸ್ ರಿಟ್ರೀಟ್” ಎಂಬಲ್ಲಿ ಸೈನ್ಯವೇ ಹಿಮ್ಮೆಟ್ಟುವ ಕರ್ತೃ, “ದ ಸಿಟಿ’ಸ್ ಡಿಸ್ಟ್ರಕ್ಷನ್” ಎಂಬಲ್ಲಿ ನಗರ ನಾಶಕ್ಕೊಳಗಾದ ಕರ್ಮ. ರೂಪ ಎರಡಕ್ಕೂ ಒಂದೇ, ತಿಳಿಯಬೇಕಾದ್ದು ಸಂದರ್ಭದಿಂದ. ಕಾಲ, ದೂರ, ಬೆಲೆಗಳ ಅಳತೆಗೂ ಇದು ಬರುತ್ತದೆ: “ಎ ಡೇ’ಸ್ ವರ್ಕ್”, “ಟೆನ್ ಮಿನಿಟ್ಸ್’ ವಾಕ್”.

ವರ್ಣನೆಯ ಬಳಕೆ ಇವುಗಳಿಗಿಂತ ಬೇರೆ. “ಎ ವಿಮೆನ್’ಸ್ ಕಾಲೇಜ್” ಎಂದರೆ ಗೊತ್ತಾದ ಕೆಲವು ಹೆಂಗಸರ ಸ್ವತ್ತಲ್ಲ, ಆ ಬಗೆಯ ಕಾಲೇಜು. ಇಲ್ಲಿ ಆರಂಭದ “ಎ” ಸೇರುವುದು ಕಾಲೇಜಿಗೆ. ಸಾಮಾನ್ಯ ಬಳಕೆಯಲ್ಲಿ ಹಾಗಲ್ಲ: “ದ ಬಾಯ್’ಸ್ ಬುಕ್” ಎಂಬಲ್ಲಿ “ದ” ಹುಡುಗನಿಗೆ ಸೇರಿ, ಇಡೀ ವಿಶೇಷಕವು ಪುಸ್ತಕದ ಹಿಂದೆ ಬರಬಹುದಾಗಿದ್ದ ಆರ್ಟಿಕಲ್ಲಿನ ಜಾಗವನ್ನು ಆಕ್ರಮಿಸುತ್ತದೆ.

ವರ್ಣನೆಯ ಸಂಬಂಧಸೂಚಕಕ್ಕೂ ಬರಿಯ ವಿಶೇಷಣದಂತೆ ನಿಂತ ಬಹುವಚನಕ್ಕೂ ಗಡಿ ತೆಳು. ಅಮೆರಿಕದ ಮಾಜಿ ಯೋಧರ ದಿನದ ಅಧಿಕೃತ ಹೆಸರು “ವೆಟರನ್ಸ್ ಡೇ”, ಅಪಾಸ್ಟ್ರಫಿ ಇಲ್ಲ. ತಾಯಂದಿರ ದಿನವನ್ನು ಅಮೆರಿಕದಲ್ಲಿ ರೂಢಿಗೆ ತಂದ ಆನಾ ಜಾರ್ವಿಸ್ ಅದು “ಮದರ್’ಸ್ ಡೇ” ಎಂದು ಏಕವಚನದಲ್ಲೇ ಇರಬೇಕೆಂದು ಪಟ್ಟುಹಿಡಿದರು. ಪ್ರತಿಯೊಬ್ಬರೂ ತಮ್ಮ ತಮ್ಮ ತಾಯಿಯನ್ನು ಗೌರವಿಸುವ ದಿನ ಎಂಬುದು ಅವರ ಉದ್ದೇಶ. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಅದನ್ನು ರಾಷ್ಟ್ರೀಯ ಆಚರಣೆಯಾಗಿ ಘೋಷಿಸಿದರು.

ಮುಖ್ಯಪದವನ್ನು ಹೇಳದೆ ಬಿಡುವುದೂ ಉಂಟು. ದಂತವೈದ್ಯರ ಬಳಿ ಎನ್ನಲು “ಆಟ್ ದ ಡೆಂಟಿಸ್ಟ್’ಸ್”, ಲಂಡನ್ನಿನ ಚರ್ಚಿಗೆ “ಸೇಂಟ್ ಪಾಲ್’ಸ್”. ಅಂಗಡಿ, ಮನೆ, ಚರ್ಚು, ಶಾಲೆಗಳ ಹೆಸರುಗಳು ಈ ದಾರಿಯಲ್ಲೇ ಹುಟ್ಟಿದವು.

ಕ್ರಿಯಾರ್ಥಕ ನಾಮಪದದ ಹಿಂದೆ ಸಂಬಂಧಸೂಚಕ ಬೇಕೇ ಎಂಬುದು ಬಹುಕಾಲದ ಚರ್ಚೆ. ಅವನು ತಡವಾಗಿ ಬಂದದ್ದು ಎನ್ನಲು “ಹಿಸ್ ಕಮಿಂಗ್ ಲೇಟ್” ಎನ್ನುವುದನ್ನು ಸಾಂಪ್ರದಾಯಿಕ ವ್ಯಾಕರಣ ಒಪ್ಪುತ್ತದೆ, “ಹಿಮ್ ಕಮಿಂಗ್ ಲೇಟ್” ಎನ್ನುವುದನ್ನು ಒಪ್ಪುವುದಿಲ್ಲ. ಎರಡನೆಯ ಬಗೆಯನ್ನು ಎಚ್. ಡಬ್ಲ್ಯು. ಫೌಲರ್ 20ನೆಯ ಶತಮಾನದ ಆರಂಭದಲ್ಲಿ ಕಟುವಾಗಿ ಟೀಕಿಸಿದ್ದರು. ಆಡುಮಾತು ಆ ಟೀಕೆಗೆ ಮಣಿಯಲಿಲ್ಲ.

ಆಫ್ ರಚನೆಯೊಡನೆ ಪೈಪೋಟಿ

ಒಂದೇ ಸಂಬಂಧವನ್ನು ಸಕಾರದಿಂದಲೂ “ಆಫ್” ಮೂಲಕವೂ ಹೇಳಬಹುದಾದಾಗ ಆಯ್ಕೆಯನ್ನು ಮುಖ್ಯವಾಗಿ ನಿರ್ಧರಿಸುವುದು ವಿಶೇಷಕದ ಸ್ವಭಾವ. ಮನುಷ್ಯರ ಹೆಸರು, ಸಾಕುಪ್ರಾಣಿ, ಸಂಸ್ಥೆ, ದೇಶ, ಊರು ಇವು ಸಕಾರದ ಕಡೆ ವಾಲುತ್ತವೆ. ಜಡವಸ್ತುಗಳೂ ಅಮೂರ್ತ ಭಾವಗಳೂ “ಆಫ್” ಕಡೆ. ಉದ್ದವೂ ಮುಖ್ಯ: ವಿಶೇಷಕ ದೀರ್ಘವಾದಷ್ಟೂ ಅದನ್ನು ಮುಖ್ಯಪದದ ನಂತರಕ್ಕೆ ಕಳಿಸುವ “ಆಫ್” ಅನುಕೂಲ. ಕೇಳುಗನಿಗೆ ಈಗಾಗಲೇ ಗೊತ್ತಿರುವುದು ಮೊದಲು ಬರುವುದು ಇಂಗ್ಲಿಷಿನ ಜಾಯಮಾನವಾದ್ದರಿಂದ ಪರಿಚಿತ ವಿಶೇಷಕ ಸಕಾರದೊಡನೆ ಮೊದಲು ನಿಲ್ಲುತ್ತದೆ. ಜಡವಸ್ತುವಿಗೆ ಸಕಾರ ಸಲ್ಲದು ಎಂಬ ಹಳೆಯ ಶಾಲಾ ನಿಯಮವನ್ನು ಈಗ ಯಾವ ಪ್ರಮುಖ ವ್ಯಾಕರಣವೂ ನಿಷೇಧವಾಗಿ ಎಣಿಸುವುದಿಲ್ಲ; ಜಾಗ ಉಳಿಸಬೇಕಾದ ಪತ್ರಿಕಾಭಾಷೆಯಲ್ಲಂತೂ ಸಕಾರದ ವ್ಯಾಪ್ತಿ 20ನೆಯ ಶತಮಾನದುದ್ದಕ್ಕೂ ಹಿಗ್ಗಿದೆ.

ಎರಡು ರಚನೆಗಳೂ ಒಟ್ಟಿಗೆ ಬರುವುದನ್ನು ಇಮ್ಮಡಿ ಷಷ್ಠಿ ಎನ್ನಬಹುದು: “ಎ ಫ್ರೆಂಡ್ ಆಫ್ ಮೈ ಫಾದರ್’ಸ್”. ಮುಖ್ಯಪದದ ಹಿಂದೆ ಸಕಾರದ ವಿಶೇಷಕ ನಿಂತರೆ “ಎ”, “ದಿಸ್” ಮುಂತಾದವುಗಳಿಗೆ ಜಾಗವಿರುವುದಿಲ್ಲವಾದ್ದರಿಂದ, ತಂದೆಯ ಸ್ನೇಹಿತರಲ್ಲಿ ಒಬ್ಬ ಎಂದು ಹೇಳಲು ಭಾಷೆ ಈ ದಾರಿ ಕಂಡುಕೊಂಡಿದೆ. ಇದು ಅನವಶ್ಯಕ ಪುನರುಕ್ತಿಯಲ್ಲ ಎಂಬುದಕ್ಕೆ ಚಿತ್ರದ ಉದಾಹರಣೆ ಸಾಕು: “ಎ ಪಿಕ್ಚರ್ ಆಫ್ ದ ಕಿಂಗ್” ಎಂದರೆ ರಾಜನನ್ನು ತೋರಿಸುವ ಚಿತ್ರ, “ಎ ಪಿಕ್ಚರ್ ಆಫ್ ದ ಕಿಂಗ್’ಸ್” ಎಂದರೆ ರಾಜನ ಸಂಗ್ರಹದ ಒಂದು ಚಿತ್ರ.

ಸರ್ವನಾಮಗಳು

ಪುರುಷವಾಚಕ ಸರ್ವನಾಮಗಳ ಸಂಬಂಧಸೂಚಕ ರೂಪಗಳಿಗೆ ಅಪಾಸ್ಟ್ರಫಿ ಇಲ್ಲ: “ಹಿಸ್”, “ಹರ್ಸ್”, “ಅವರ್ಸ್”, “ದೇರ್ಸ್”. “ಒನ್’ಸ್”, “ಸಮ್‌ಬಡಿ’ಸ್” ಮುಂತಾದ ಅನಿಶ್ಚಯವಾಚಕಗಳಿಗೆ ಇದೆ. ಅತಿ ಹೆಚ್ಚು ತಪ್ಪಾಗುವುದು ಅದರ ಎಂಬರ್ಥದ “ಇಟ್ಸ್” ಪದದಲ್ಲಿ. ಚಿಹ್ನೆಯಿಟ್ಟರೆ ಅದು “ಇಟ್ ಇಸ್” ಅಥವಾ “ಇಟ್ ಹ್ಯಾಸ್” ಎಂಬುದರ ಹ್ರಸ್ವರೂಪವಾಗುತ್ತದೆ. ಈ ಸರ್ವನಾಮ ಹೊಸದು. ನಪುಂಸಕಕ್ಕೂ ಮೊದಲು “ಹಿಸ್” ಎಂಬುದೇ ಸಲ್ಲುತ್ತಿತ್ತು, 1611ರ ಕಿಂಗ್ ಜೇಮ್ಸ್ ಬೈಬಲಿನ ಮೊದಲ ಮುದ್ರಣದಲ್ಲಿ “ಇಟ್ಸ್” ಇರಲೇ ಇಲ್ಲ. ಬಳಕೆಗೆ ಬಂದ ಮೇಲೂ 18ನೆಯ ಶತಮಾನದ ಕೊನೆಯವರೆಗೆ ಅದನ್ನು ಅಪಾಸ್ಟ್ರಫಿಯೊಡನೆ ಬರೆಯುವವರಿದ್ದರು; ಅಮೆರಿಕ ಸಂವಿಧಾನದ ಮೂಲಪ್ರತಿಯಲ್ಲಿ ಇಂದು ತಪ್ಪೆನಿಸುವ ಆ ರೂಪವಿದೆ.

ಕನ್ನಡದ ಷಷ್ಠಿಯೊಡನೆ ಹೋಲಿಕೆ

13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣ ಹೇಳುವ ಷಷ್ಠೀ ಪ್ರತ್ಯಯ “ಅ”. ರಾಮನ, ಮರದ, ಗುರುವಿನ ಎಂಬಲ್ಲಿ ಇಂದಿಗೂ ಅದೇ ಇದೆ. ಕನ್ನಡದಲ್ಲಿ ವಿಶೇಷಕಗಳೆಲ್ಲ ನಾಮಪದದ ಹಿಂದೆಯೇ ಬರುವುದರಿಂದ ಗುಚ್ಛದ ಕೊನೆಯ ಪದವೇ ಅದರ ಪ್ರಧಾನ ಪದ. ಇಂಗ್ಲೆಂಡಿನ ರಾಜನ ಮಗಳು ಎಂಬಲ್ಲಿ ಪ್ರತ್ಯಯ ರಾಜನಿಗೆ ಹತ್ತಿತೋ ಇಡೀ ಗುಚ್ಛಕ್ಕೆ ಹತ್ತಿತೋ ಎಂಬ ಪ್ರಶ್ನೆ ಏಳುವುದೇ ಇಲ್ಲ. ಇಂಗ್ಲಿಷಿನ ಗುಚ್ಛಷಷ್ಠಿ ಕನ್ನಡಿಗರಿಗೆ ವಿಚಿತ್ರವೆನಿಸುವುದು ಇದರಿಂದ. ಹುಡುಗನ, ಹುಡುಗರ ಎಂಬ ಭೇದ ಕನ್ನಡದಲ್ಲಿ ಕಿವಿಗೇ ತಿಳಿಯುವುದರಿಂದ, ಕಣ್ಣಿಗೆ ಮಾತ್ರ ತಿಳಿಯುವ ಇಂಗ್ಲಿಷ್ ಭೇದವನ್ನು ಬರೆಯುವಾಗ ಮರೆಯುವುದೂ ಸಹಜ.

ಕನ್ನಡದ ಷಷ್ಠಿಗೆ ಚೇತನಾಚೇತನ ತಾರತಮ್ಯವಿಲ್ಲ. ಮೇಜಿನ ಕಾಲು ಎಂಬುದನ್ನು ಅದೇ ಅಚ್ಚಿನಲ್ಲಿ ಇಂಗ್ಲಿಷಿಗೆ ತಂದರೆ “ದ ಟೇಬಲ್’ಸ್ ಲೆಗ್” ಎಂದಾಗುತ್ತದೆ. ರೂಢಿಯಲ್ಲಿರುವುದು “ಟೇಬಲ್ ಲೆಗ್” ಅಥವಾ “ದ ಲೆಗ್ ಆಫ್ ದ ಟೇಬಲ್”. ಒಂದು ವಿಷಯದಲ್ಲಿ ಎರಡು ಭಾಷೆಗಳೂ ಹತ್ತಿರ: ನನ್ನ ಮತ್ತು ನನ್ನದು ಎಂಬ ಭೇದಕ್ಕೆ “ಮೈ”, “ಮೈನ್” ಎಂಬ ಜೋಡಿ ಸರಿಹೊಂದುತ್ತದೆ. ಕನ್ನಡ ಈ ಭೇದವನ್ನು ನಾಮಪದಗಳಿಗೂ ವಿಸ್ತರಿಸಿ ಅಪ್ಪನ, ಅಪ್ಪನದು ಎಂದು ಬೇರೆ ಮಾಡಿದರೆ, ಇಂಗ್ಲಿಷಿನಲ್ಲಿ ಎರಡಕ್ಕೂ “ಫಾದರ್’ಸ್” ಒಂದೇ. ಕನ್ನಡಕ್ಕೆ ಬಂದ ಇಂಗ್ಲಿಷ್ ಹೆಸರುಗಳಲ್ಲಿ ಸಕಾರ ಉಳಿದು ಚಿಹ್ನೆ ಬಿದ್ದುಹೋಗುತ್ತದೆ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆ, ಕ್ವೀನ್ಸ್ ರಸ್ತೆಗಳು ಹೀಗೆ ಬರೆಯಲ್ಪಡುತ್ತವೆ.

ಇಂದಿನ ಸ್ಥಿತಿ

ಸಂಬಂಧಸೂಚಕ ಸಕಾರ ಮಾತಿನಲ್ಲಿ ದೃಢವಾಗಿದೆ, ಅಲುಗುತ್ತಿರುವುದು ಅಪಾಸ್ಟ್ರಫಿ. 1890ರಲ್ಲಿ ಸ್ಥಾಪನೆಯಾದ ಅಮೆರಿಕದ ಭೌಗೋಳಿಕ ನಾಮ ಮಂಡಳಿ ಸ್ಥಳನಾಮಗಳಲ್ಲಿ ಸಂಬಂಧಸೂಚಕ ಅಪಾಸ್ಟ್ರಫಿಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. “ಪೈಕ್ಸ್ ಪೀಕ್”, “ಹಾರ್ಪರ್ಸ್ ಫೆರಿ” ಎಂದು ಬರೆಯುವುದು ಇದಕ್ಕಾಗಿ. “ಮಾರ್ಥಾ’ಸ್ ವಿನ್ಯರ್ಡ್” ಬೆರಳೆಣಿಕೆಯ ಅಪವಾದಗಳಲ್ಲಿ ಒಂದು. ಲಂಡನ್ ಭೂಗತ ರೈಲಿನ ಪಿಕಾಡಿಲಿ ಮಾರ್ಗದಲ್ಲಿ ಅಕ್ಕಪಕ್ಕದ ಎರಡು ನಿಲ್ದಾಣಗಳ ಪೈಕಿ “ಅರ್ಲ್’ಸ್ ಕೋರ್ಟ್” ಚಿಹ್ನೆಯನ್ನು ಉಳಿಸಿಕೊಂಡಿದೆ, “ಬ್ಯಾರನ್ಸ್ ಕೋರ್ಟ್” ಉಳಿಸಿಕೊಂಡಿಲ್ಲ. ವ್ಯಾಪಾರಿ ಹೆಸರುಗಳಲ್ಲೂ ಹೀಗೆಯೇ: ಮೆಕ್‌ಡೊನಾಲ್ಡ್’ಸ್ ಚಿಹ್ನೆಯನ್ನು ಇಟ್ಟುಕೊಂಡರೆ ಹ್ಯಾರಡ್ಸ್ ಬಿಟ್ಟಿದೆ, ಬ್ರಿಟನ್ನಿನ ಪುಸ್ತಕ ಮಳಿಗೆ ವಾಟರ್‌ಸ್ಟೋನ್ಸ್ 2012ರಲ್ಲಿ ಕೈಬಿಟ್ಟಿತು.

ಇನ್ನೊಂದು ಕಡೆಯಿಂದ ಚಿಹ್ನೆ ಬೇಡದಲ್ಲಿ ನುಸುಳುತ್ತದೆ. ಬೆಲೆಪಟ್ಟಿಗಳಲ್ಲಿ ಸಾದಾ ಬಹುವಚನಕ್ಕೂ ಅಪಾಸ್ಟ್ರಫಿ ಹಚ್ಚುವುದನ್ನು ಬ್ರಿಟನ್ನಿನಲ್ಲಿ ತರಕಾರಿ ಅಂಗಡಿಯವರ ಅಪಾಸ್ಟ್ರಫಿ ಎಂದು ಗೇಲಿ ಮಾಡುತ್ತಾರೆ. ನಿವೃತ್ತ ಪತ್ರಕರ್ತ ಜಾನ್ ರಿಚರ್ಡ್ಸ್ 2001ರಲ್ಲಿ ಅಪಾಸ್ಟ್ರಫಿ ಸಂರಕ್ಷಣಾ ಸಂಘವನ್ನು ಕಟ್ಟಿದರು. 2019ರಲ್ಲಿ ಅದನ್ನು ಮುಚ್ಚುವುದಾಗಿ ಹೇಳಿದರಾದರೂ ಬೇರೆಯವರು ಅದನ್ನು ಮುಂದುವರಿಸಿದ್ದಾರೆ. ಇಂಗ್ಲೆಂಡಿನ ಮಿಡ್ ಡೆವನ್ ಜಿಲ್ಲಾ ಮಂಡಳಿ ಬೀದಿಫಲಕಗಳಿಂದ ಚಿಹ್ನೆಯನ್ನು ತೆಗೆಯುವ ಪ್ರಸ್ತಾವವನ್ನು 2013ರಲ್ಲಿ ಮುಂದಿಟ್ಟು, ಜನರ ವಿರೋಧ ಕಂಡು ಹಿಂತೆಗೆದುಕೊಂಡಿತು. ಅಂತರ್ಜಾಲದ ವಿಳಾಸಗಳಲ್ಲಿ ಅಪಾಸ್ಟ್ರಫಿಗೆ ಸ್ಥಾನವಿಲ್ಲದಿರುವುದೂ, ಫೋನಿನಲ್ಲಿ ಟೈಪಿಸುವವರು ಅದನ್ನು ಬಿಟ್ಟೇಬಿಡುವುದೂ ಸಂಸ್ಥೆಗಳ ಹೆಸರುಗಳು ಚಿಹ್ನೆ ಕಳೆದುಕೊಳ್ಳಲು ಕಾರಣಗಳಾಗಿವೆ. ಪರೀಕ್ಷೆ, ಪುಸ್ತಕ ಪ್ರಕಾಶನ, ಕಾನೂನು ಪತ್ರಗಳಲ್ಲಿ ಮಾತ್ರ 19ನೆಯ ಶತಮಾನದ ನಿಯಮವೇ ಇಂದಿಗೂ ಪ್ರಮಾಣ.